ಮಗುವಿನ ಬಗ್ಗೆ ಅನುಮಾನ ಬಂದರೆ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ನನ್ನ ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಅವನ ಶಾಲೆಯಲ್ಲಿ ಹೇಳಿದ್ದು ಒಂದೇ ಮಾತು. "ಗಮನ ಕೊಡಲ್ಲ, ಟ್ಯೂಷನ್ ಹಾಕಿ." ಹಾಕಿದೆವು. ಒಂದಲ್ಲ, ಎರಡು ಕಡೆ. ಅವನಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಬುದ್ಧಿ ಚೆನ್ನಾಗಿಯೇ ಇದ್ದರೂ ಓದು ಮಾತ್ರ ಕೈಗೆ ಹತ್ತದಂಥ ಕಲಿಕಾ ತೊಂದರೆ ಇದೆ ಅಂತ ಗೊತ್ತಾಗುವಷ್ಟರಲ್ಲಿ ಐದನೇ ಕ್ಲಾಸು ಮುಗಿಯುತ್ತಾ ಬಂದಿತ್ತು. ಆ ಎರಡು ವರ್ಷ ಅವನು ದಿನಾ ಸಂಜೆ ಪುಸ್ತಕ ಹಿಡಿದು ಅಳುತ್ತಾ ಕೂತಿದ್ದನ್ನು ನಾನು ಮರೆತಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಮನೆಯಲ್ಲಿ ಏನು ನೋಡಬೇಕು, ಹೇಗೆ ಬರೆದಿಡಬೇಕು, ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಓಡಾಡಿ ಕಲಿತಿದ್ದೇನೆ.

ಮೊದಲು ಒಂದು ವಿಷಯ. ಸ್ಕ್ರೀನಿಂಗ್ ಅಂದರೆ ಕಾಯಿಲೆ ಇದೆ ಅಂತ ತೀರ್ಪು ಕೊಡುವುದಲ್ಲ. ಅದು ಜರಡಿ ಹಿಡಿದ ಹಾಗೆ. ಜರಡಿಯ ಮೇಲೆ ಉಳಿದದ್ದೆಲ್ಲ ಕಲ್ಲಲ್ಲ, ಕೆಳಗೆ ಬಿದ್ದದ್ದೆಲ್ಲ ಹಿಟ್ಟೂ ಅಲ್ಲ. ಉಳಿದದ್ದನ್ನು ಇನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅಷ್ಟೇ. ಹಾಗಾಗಿ ಒಂದು ಪ್ರಶ್ನಾವಳಿಯಲ್ಲಿ ಅಂಕ ಜಾಸ್ತಿ ಬಂತು ಅಂತ ರಾತ್ರಿಯೆಲ್ಲ ನಿದ್ದೆಗೆಡಬೇಡಿ. ಕಡಿಮೆ ಬಂತು ಅಂತ ನಿಮ್ಮ ಅನುಮಾನವನ್ನು ಕೈಬಿಡಲೂ ಬೇಡಿ.

ಈಗ ನೋಟ್‌ಬುಕ್. ಇಪ್ಪತ್ತು ರೂಪಾಯಿಯ ಸಾದಾ ಪುಸ್ತಕ ಸಾಕು. ಎರಡು ಮೂರು ವಾರ, ಕಂಡದ್ದನ್ನು ಕಂಡ ಹಾಗೆ ತಾರೀಕು ಹಾಕಿ ಬರೆಯಿರಿ. "ತುಂಬಾ ಹಟ ಮಾಡುತ್ತಾನೆ" ಅಂತ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. "ಮಂಗಳವಾರ, ಸಂಜೆ ಆರು ಗಂಟೆ, ಕುಕ್ಕರ್ ಶಿಳ್ಳೆ ಕೇಳಿ ಕಿವಿ ಮುಚ್ಚಿಕೊಂಡು ಕೋಣೆಗೆ ಓಡಿದ, ಸಮಾಧಾನ ಆಗಲು ಇಪ್ಪತ್ತು ನಿಮಿಷ ಬೇಕಾಯಿತು, ಈ ವಾರ ಇದು ನಾಲ್ಕನೇ ಸಲ" ಅಂತ ಬರೆದರೆ ಅವರಿಗೆ ಹಿಡಿದುಕೊಳ್ಳಲು ಏನೋ ಸಿಗುತ್ತದೆ. ಏನಾಯಿತು, ಅದಕ್ಕೆ ಮುಂಚೆ ಏನಿತ್ತು, ಎಷ್ಟು ಹೊತ್ತು, ಎಷ್ಟು ಸಲ, ಎಲ್ಲೆಲ್ಲಿ. ಇಷ್ಟು ಸಾಕು. ಮಗು ಚೆನ್ನಾಗಿ ಮಾಡುವುದನ್ನೂ ಬರೆಯಿರಿ, ಅದನ್ನೂ ಅವರು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಸಿಗುವ ಸಮಯ ಕಡಿಮೆ. ಅಲ್ಲಿ ಕೂತಾಗ ಗಾಬರಿಯಲ್ಲಿ ಅರ್ಧ ಮರೆತುಹೋಗುತ್ತದೆ. ನನ್ನ ಅನುಭವದಲ್ಲಿ ಆ ಪುಸ್ತಕದ ಹತ್ತು ಪುಟ ಮಾಡಿದ ಕೆಲಸವನ್ನು ನನ್ನ ಮಾತು ಮಾಡಲಿಲ್ಲ. ವಿಡಿಯೋನೂ ತೆಗೆದಿಡಿ. ಮಗು ಊಟ ಮಾಡುವಾಗ, ಆಡುವಾಗ, ಅಕ್ಕ ತಮ್ಮನ ಜೊತೆ ಇರುವಾಗ ಒಂದೊಂದು ನಿಮಿಷದ್ದು. ಡಾಕ್ಟರ್ ಮುಂದೆ ಮಗು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ, ಅಲ್ವಾ?

ಮನಸ್ಸಿನ ಬಗ್ಗೆ, ಕಲಿಕೆಯ ಬಗ್ಗೆ ಯೋಚಿಸುವ ಮುಂಚೆ ಕಣ್ಣು ಮತ್ತು ಕಿವಿ ತೋರಿಸಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮಾತು ತಡವಾದ ಪ್ರತಿ ಮಗುವಿಗೂ ಕಿವಿಯ ಪರೀಕ್ಷೆ ಆಗಲೇಬೇಕು. ಕರೆದರೆ ತಿರುಗುತ್ತಾನೆ, ಟಿವಿ ಹಾಡು ಬಂದರೆ ಓಡಿ ಬರುತ್ತಾನೆ ಅಂದುಕೊಂಡು ಕಿವಿ ಸರಿ ಇದೆ ಅನ್ನಬೇಡಿ. ಕೆಲವು ಶಬ್ದ ಮಾತ್ರ ಕೇಳಿಸದೆ ಇರಬಹುದು. ಪುಟ್ಟ ಮಕ್ಕಳಿಗೆ ಅವರು ಉತ್ತರ ಹೇಳದಿದ್ದರೂ ಮಾಡಬಹುದಾದ ಪರೀಕ್ಷೆಗಳಿವೆ, ಸದ್ದಿಗೆ ಮೆದುಳು ಹೇಗೆ ಸ್ಪಂದಿಸುತ್ತದೆ ಅಂತ ನಿದ್ದೆಯಲ್ಲೇ ನೋಡುವ ಬೇರಾ ಪರೀಕ್ಷೆಯೂ ಒಂದು. ಬೋರ್ಡ್ ನೋಡಿ ಬರೆದುಕೊಳ್ಳುವುದರಲ್ಲಿ ಮಾತ್ರ ತಪ್ಪು ಮಾಡುವ ಮಗುವಿಗೆ ಬೇಕಾದದ್ದು ಬರೀ ಕನ್ನಡಕ ಇರಬಹುದು. ಜೊತೆಗೆ ಮಕ್ಕಳ ಡಾಕ್ಟರ್ ಹತ್ತಿರ ರಕ್ತಹೀನತೆ, ಥೈರಾಯ್ಡ್ ವಿಷಯವನ್ನೂ ಕೇಳಿ. ಕೂತಲ್ಲೇ ಕೆಲವು ಸೆಕೆಂಡ್ ಶೂನ್ಯ ನೋಡುತ್ತಾ, ಕರೆದರೂ ಮುಟ್ಟಿದರೂ ಗೊತ್ತಾಗದ ಹಾಗೆ ಇದ್ದು ಮತ್ತೆ ಏನೂ ಆಗದ ಹಾಗೆ ಮುಂದುವರಿಯುವ ಮಗು ಹಗಲುಗನಸು ಕಾಣುತ್ತಿಲ್ಲದೆ ಇರಬಹುದು. ಅದು ಒಂದು ಬಗೆಯ ಫಿಟ್ಸ್ ಇರಬಹುದು. ವಿಡಿಯೋ ಮಾಡಿ ತೋರಿಸಿ.

ಮೂರು ವರ್ಷದೊಳಗಿನ ಮಕ್ಕಳು

ನಿಮ್ಮ ಹತ್ತಿರ ತಾಯಿ ಕಾರ್ಡ್ ಇದ್ದೇ ಇರುತ್ತದೆ. ಲಸಿಕೆ ಪುಟ ಮಾತ್ರ ನೋಡಿ ಮಡಚಿಡುತ್ತೇವೆ. ಅದರಲ್ಲೇ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರಗಳ ಸಮೇತ ಇರುತ್ತದೆ, ಅದನ್ನು ತೆಗೆದು ನೋಡಿ. ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು. ಒಂದೂಕಾಲು ವರ್ಷದ ಸುಮಾರಿಗೆ ಬೆರಳು ಮಾಡಿ ತೋರಿಸಬೇಕು. ಬೇಕು ಅಂತ ತೋರಿಸುವುದು ಒಂದು. ಕಾಗೆ ನೋಡಿ, ಚಂದಮಾಮನನ್ನು ನೋಡಿ, ನೀವೂ ನೋಡಿ ಅಂತ ನಿಮ್ಮ ಮುಖ ನೋಡುತ್ತಾ ತೋರಿಸುವುದು ಇನ್ನೊಂದು. ಆ ಎರಡನೆಯದು ಬಹಳ ಮುಖ್ಯ. ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಒಂದೂ ಪದ ಆಡದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಥರ ಎರಡು ಪದ ತಾನಾಗಿ ಸೇರಿಸದಿದ್ದರೆ ತೋರಿಸಿ. ಆಡುತ್ತಿದ್ದ ಮಾತು, ನಗು, ಆಟ ನಿಂತುಹೋದರೆ ಯಾವ ವಯಸ್ಸಾದರೂ ಸರಿ, ಒಂದು ವಾರವೂ ಕಾಯಬೇಡಿ.

ಮನೆಯ ಹಿರಿಯರು ಹೇಳುವ ಮಾತು ನಿಮಗೂ ಗೊತ್ತು. ಗಂಡು ಮಕ್ಕಳು ತಡವಾಗಿಯೇ ಮಾತಾಡೋದು. ಅವರಪ್ಪನೂ ಹಾಗೇ ಇದ್ದ. ನಾಲಿಗೆಗೆ ಬಜೆ ತಿಕ್ಕಿ. ಅವರಿಗಿರುವ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ, ಆದರೆ ಈ ವಯಸ್ಸಿನಲ್ಲಿ ಕಳೆದ ಆರು ತಿಂಗಳು ಸಣ್ಣ ಸಮಯ ಅಲ್ಲ. ಇನ್ನೊಂದು ಮಾತು ಈ ಊರಿಗೇ ವಿಶೇಷ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತಮಿಳು, ಪ್ಲೇ ಸ್ಕೂಲಿನಲ್ಲಿ ಇಂಗ್ಲಿಷ್, ಅದಕ್ಕೇ ಮಗುವಿಗೆ ಗೊಂದಲ ಆಗಿದೆ, ಮಾತಾಡುತ್ತಿಲ್ಲ ಅನ್ನುತ್ತಾರೆ. ಹೆಚ್ಚು ಭಾಷೆ ಕಿವಿಗೆ ಬೀಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಗು ಎಲ್ಲ ಭಾಷೆ ಸೇರಿ ಎಷ್ಟು ಪದ ಆಡುತ್ತದೆ ಅಂತ ಎಣಿಸಿ. ಒಟ್ಟು ಲೆಕ್ಕವೇ ಕಡಿಮೆ ಇದ್ದರೆ ತೋರಿಸಿ. ಕನ್ನಡ ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಅಜ್ಜಿಯ ಜೊತೆ ಮಾತು ನಿಂತರೆ ಮಗುವಿಗೆ ಸಿಗುವ ಮಾತು ಇನ್ನೂ ಕಡಿಮೆಯಾಗುತ್ತದೆ. ಮೊಬೈಲ್ ಖಂಡಿತ ನಿಲ್ಲಿಸಿ, ಆದರೆ ಮೊಬೈಲ್ ನಿಲ್ಲಿಸಿ ನೋಡೋಣ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಇಂಥ ಸುಳಿವುಗಳ ಹಿಂದೆ ಕೆಲವೊಮ್ಮೆ ಇರುವುದು ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ. ಅದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗುವನ್ನು ನೋಡಿ, ನಿಮ್ಮನ್ನು ಕೇಳಿಯೇ ತಿಳಿಯಬೇಕು. ಮೊದಲ ಜರಡಿಯಾಗಿ ಎಂ-ಚಾಟ್ ಅನ್ನುವ ಪ್ರಶ್ನಾವಳಿ ಇದೆ, 16ರಿಂದ 30 ತಿಂಗಳ ಮಕ್ಕಳಿಗೆ. ಹೌದು, ಇಲ್ಲ ಅಂತ ಉತ್ತರಿಸುವ 20 ಪ್ರಶ್ನೆಗಳು, ದುಡ್ಡಿಲ್ಲ. ಅಂಕ 3ರಿಂದ 7 ಬಂದರೆ ಅದೇ ಪ್ರಶ್ನೆಗಳನ್ನು ಇನ್ನೂ ಬಿಡಿಸಿ ಕೇಳುವ ಎರಡನೇ ಸುತ್ತು ಇರುತ್ತದೆ. 8 ಅಥವಾ ಜಾಸ್ತಿ ಬಂದರೆ ನೇರವಾಗಿ ತಜ್ಞರ ಹತ್ತಿರ ಹೋಗಬೇಕು. ಮಕ್ಕಳ ಡಾಕ್ಟರನ್ನು ಕೇಳಿದರೆ ಅವರೇ ಮಾಡುತ್ತಾರೆ, ಮಾಡದಿದ್ದರೆ ಮಾಡಿ ಅಂತ ಕೇಳಿ.

ಓದು, ಬರಹ, ಲೆಕ್ಕ

ಕಲಿಕಾ ತೊಂದರೆ ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳುವುದು ಸಾಮಾನ್ಯವಾಗಿ ಎಂಟು ವರ್ಷದ ಸುಮಾರಿಗೆ, ಅಂದರೆ ಮೂರನೇ ಕ್ಲಾಸಿನ ಹೊತ್ತಿಗೆ. ಆದರೆ ಸುಳಿವು ಮುಂಚೆಯೇ ಸಿಗುತ್ತದೆ. ಪದಗಳ ಅಂತ್ಯಾಕ್ಷರಿ ಆಡಿಸಿ ನೋಡಿ. ಕೊನೆಯ ಅಕ್ಷರ ಹಿಡಿದು ಇನ್ನೊಂದು ಪದ ಹೇಳುವುದು ಎರಡನೇ ಕ್ಲಾಸಿನಲ್ಲೂ ಆಗುತ್ತಿಲ್ಲವಾ? "ತಬಲ"ದಲ್ಲಿ ಮೊದಲ ಅಕ್ಷರ ತೆಗೆದರೆ ಏನು ಉಳಿಯುತ್ತದೆ ಅಂತ ಕೇಳಿ. ಕಲ್ಲು, ಹಲ್ಲು, ಮರ, ಇದರಲ್ಲಿ ಪ್ರಾಸಕ್ಕೆ ಸೇರದ್ದು ಯಾವುದು ಅಂತ ಕೇಳಿ. ಪದದೊಳಗಿನ ಸದ್ದನ್ನು ಬಿಡಿಸಿ ಹಿಡಿಯಲು ಆಗದೆ ಇರುವುದೇ ಡಿಸ್ಲೆಕ್ಸಿಯಾದ ಬುಡದಲ್ಲಿರುವ ತೊಂದರೆ. ಅಕ್ಷರಗಳು ಕುಣಿಯುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಗನನ್ನು ಕೇಳಿದೆ. "ಕುಣಿಯಲ್ಲಮ್ಮ, ಸುಮ್ನೆ ನಿಂತಿರುತ್ತೆ, ಅದರ ಸದ್ದು ನೆನಪಿಗೆ ಬರಲ್ಲ" ಅಂದ.

ಮೂರನೇ ಕ್ಲಾಸಿನ ಮಗುವಿಗೆ ಮನೆಯಲ್ಲೇ ಹೀಗೆ ಮಾಡಿ. ಎರಡನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿ ಮಗು ನೋಡಿರದ ಒಂದು ಪುಟ ತೆಗೆಯಿರಿ, ಯಾಕೆಂದರೆ ನೋಡಿದ ಪಾಠವನ್ನು ಬಾಯಿಪಾಠ ಒಪ್ಪಿಸಿ ನಿಮ್ಮನ್ನು ನಂಬಿಸುವ ಮಕ್ಕಳಿದ್ದಾರೆ. ಒಂದು ನಿಮಿಷ ಓದಿಸಿ. ತಿದ್ದಬೇಡಿ, ಮುಖ ಗಂಟಿಕ್ಕಬೇಡಿ. ಯಾವ ಪದದಲ್ಲಿ ನಿಂತ, ಯಾವುದನ್ನು ಊಹಿಸಿ ಓದಿದ ಅಂತ ಬರೆದುಕೊಳ್ಳಿ. ಮೊದಲ ಅಕ್ಷರ ಮಾತ್ರ ನೋಡಿ "ಮನೆ"ಯನ್ನು "ಮರ" ಅನ್ನುತ್ತಾನಾ? ಓದಿದ್ದು ಏನು ಅಂತ ಕೇಳಿ. ಆಮೇಲೆ ಅಂಥದ್ದೇ ಇನ್ನೊಂದು ಪುಟವನ್ನು ನೀವೇ ಓದಿ ಹೇಳಿ, ಪ್ರಶ್ನೆ ಕೇಳಿ. ಕೇಳಿದಾಗ ಎಲ್ಲ ಅರ್ಥ ಆಗುತ್ತದೆ, ತಾನೇ ಓದಿದಾಗ ಏನೂ ಸಿಗುವುದಿಲ್ಲ ಅಂದರೆ ಅದು ದೊಡ್ಡ ಸುಳಿವು. ಎರಡರಲ್ಲೂ ಕಷ್ಟ ಅಂದರೆ ಭಾಷೆ ಅಥವಾ ಬುದ್ಧಿಮಟ್ಟದ ಕಡೆಗೂ ನೋಡಬೇಕಾಗುತ್ತದೆ. ನಂತರ ಹತ್ತು ಪದ ಉಕ್ತಲೇಖನ ಕೊಡಿ. "ಪುಸ್ತಕ" "ಪುತಕ" ಆಗುತ್ತದಾ, "ಕಾಲು" "ಕಲು" ಆಗುತ್ತದಾ, ಒಂದೇ ಪದವನ್ನು ಮೂರು ಸಲ ಮೂರು ಥರ ಬರೆಯುತ್ತಾನಾ ನೋಡಿ. ಅದೇ ಪದಗಳನ್ನು ನೋಡಿಕೊಂಡು ಬರೆಯಲು ಕೊಡಿ. ಎರಡು ಹಾಳೆಯನ್ನೂ ನೋಟ್‌ಬುಕ್ಕಿಗೆ ಅಂಟಿಸಿ.

ಇಲ್ಲಿ ಆತುರ ಪಡಬಾರದ ಕೆಲವು ವಿಷಯ ಇವೆ. ಒತ್ತಕ್ಷರಗಳು ಪೂರ್ತಿ ಹಿಡಿತಕ್ಕೆ ಬರಲು ಮಾಮೂಲಿ ಮಕ್ಕಳಿಗೂ ನಾಲ್ಕನೇ ಕ್ಲಾಸಿನ ತನಕ ಬೇಕಾಗುತ್ತದೆ, ಕನ್ನಡದಲ್ಲಿ ಕಾಗುಣಿತ ಒತ್ತು ಸೇರಿ ಗುರುತು ಹಿಡಿಯಬೇಕಾದ ರೂಪಗಳು ನೂರಾರು ಅಲ್ವಾ. ಮನೆಯಲ್ಲಿ "ಅಬ್ಬ", "ಆಲು" ಅಂತ ಆಡುವ ಮಗು "ಹಬ್ಬ", "ಹಾಲು" ಪದವನ್ನು ಹಾಗೇ ಬರೆದರೆ ಅದು ಆಡುಮಾತು, ತೊಂದರೆ ಅಲ್ಲ. ಹಾಗೆ ಬರೆದ ಮಗುವಿಗೆ ಹೊಡೆದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಇಂಗ್ಲಿಷಿನ ಸಣ್ಣ ಬಿ ಮತ್ತು ಡಿ ಅದಲುಬದಲಾಗುವುದು ಏಳು ವರ್ಷದ ತನಕ ಸಾಮಾನ್ಯ. ಇಂಗ್ಲಿಷ್ ಮೀಡಿಯಂಗೆ ಹೋಗುವ, ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳದ ಮಗುವಿಗೆ ಇಂಗ್ಲಿಷ್ ಓದು ಮಾತ್ರ ಕಷ್ಟ ಅಂದರೆ ಮೊದಲು ಭಾಷೆಯನ್ನೇ ಕಲಿಸಬೇಕು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡರಲ್ಲೂ ಒಂದೇ ಥರ ಎಡವುತ್ತಿದ್ದರೆ, ಆರು ತಿಂಗಳು ಚೆನ್ನಾಗಿ ಹೇಳಿಕೊಟ್ಟರೂ ಅಲ್ಲೇ ಇದ್ದರೆ, ಆಗ ಪರೀಕ್ಷೆ ಮಾಡಿಸಿ.

ಲೆಕ್ಕದಲ್ಲಿ ನೋಡಬೇಕಾದ್ದು ಮಾರ್ಕ್ಸ್ ಅಲ್ಲ. ಮುನ್ನೂರೈದನ್ನು 3005 ಅಂತ ಬರೆಯುತ್ತಾನಾ, ನಾಲ್ಕನೇ ಕ್ಲಾಸಿಗೂ ಎಂಟು ದೊಡ್ಡದಾ ಆರು ದೊಡ್ಡದಾ ಅಂದರೆ ಬೆರಳು ಎಣಿಸುತ್ತಾನಾ, ಅಂಗಡಿಗೆ ಕಳಿಸಿದರೆ ಚಿಲ್ಲರೆ ಲೆಕ್ಕ ಆಗುತ್ತದಾ ನೋಡಿ. ಬರಹದ ವಿಷಯಕ್ಕೆ ಬಂದರೆ, ಬಾಯಲ್ಲಿ ಎಲ್ಲ ಉತ್ತರ ಹೇಳುವ ಮಗುವಿನ ನೋಟ್ಸ್ ಯಾವಾಗಲೂ ಅರ್ಧಕ್ಕೇ ನಿಂತಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ.

ಗಮನ ಮತ್ತು ಮನಸ್ಸು

ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ, ಇದರ ಹೆಸರು ಕೇಳಿದ ಕೂಡಲೇ ಸೋಫಾ ಮೇಲೆ ಹಾರುವ ಹುಡುಗನೇ ಕಣ್ಣಿಗೆ ಬರುತ್ತಾನೆ. ಕಿಟಕಿ ಪಕ್ಕ ಸುಮ್ನೆ ಕೂತು ಯಾರಿಗೂ ತೊಂದರೆ ಕೊಡದೆ, ಪೆನ್ಸಿಲ್ ಬಾಕ್ಸ್ ದಿನಾ ಕಳೆದುಕೊಂಡು, ಅರ್ಧ ಲೆಕ್ಕ ಬಿಟ್ಟು ಬರುವ ಹುಡುಗಿಯೂ ಅದೇ ಇರಬಹುದು. ಅವಳನ್ನು ಯಾರೂ ಡಾಕ್ಟರ್ ಹತ್ತಿರ ಕರೆದೊಯ್ಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ವಿಷಯ ನೋಡಿ. ಇದು ಆರು ತಿಂಗಳಿಂದ ಇದೆಯಾ? ಹನ್ನೆರಡು ವರ್ಷಕ್ಕೆ ಮುಂಚೆಯೇ ಶುರುವಾಗಿತ್ತಾ? ಮನೆ, ಶಾಲೆ ಎರಡೂ ಕಡೆ ಇದೆಯಾ? ಶಾಲೆಯಲ್ಲಿ ಮಾತ್ರ ಇದ್ದರೆ ಆ ಕ್ಲಾಸಿನಲ್ಲಿ ಏನಾಗುತ್ತಿದೆ ಅಂತ ವಿಚಾರಿಸಿ. ಓದಲು ಬಾರದ ಮಗು ಕ್ಲಾಸಿನಲ್ಲಿ ಗಲಾಟೆ ಮಾಡದೆ ಇನ್ನೇನು ಮಾಡೀತು?

ಮನಸ್ಸಿನ ನೋವು ಮಕ್ಕಳಲ್ಲಿ ದೊಡ್ಡವರ ಥರ ಕಾಣುವುದಿಲ್ಲ. ದುಃಖಕ್ಕಿಂತ ಸಿಟ್ಟು ಜಾಸ್ತಿ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ಶನಿವಾರ ಇಲ್ಲ. ನಾಟಕ ಅನ್ನಬೇಡಿ, ಆ ನೋವು ನಿಜವಾದದ್ದು. ಇದ್ದಕ್ಕಿದ್ದಂತೆ ಬದಲಾದ ಮಗು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದ ಮಗು, ಒಬ್ಬ ವ್ಯಕ್ತಿಯ ಹತ್ತಿರ ಮಾತ್ರ ಹೋಗಲು ಹೆದರುವ ಮಗು ಇದ್ದರೆ ಯಾರೋ ಹಿಂಸೆ ಕೊಡುತ್ತಿರಬಹುದು ಅನ್ನುವುದನ್ನೂ ಯೋಚಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಸಾಯುವ ಮಾತಾಡಿದರೆ, ಕೈ ಕುಯ್ದುಕೊಂಡ ಗುರುತು ಕಂಡರೆ ನೋಟ್‌ಬುಕ್ ಬರೆಯುತ್ತಾ ಕೂರಬೇಡಿ, ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಡವಳಿಕೆ, ಭಾವನೆ ಎರಡಕ್ಕೂ ಎಸ್‌ಡಿಕ್ಯೂ ಅನ್ನುವ 25 ಪ್ರಶ್ನೆಗಳ ಹಾಳೆ ಇದೆ. ಕನ್ನಡದಲ್ಲೂ ಸಿಗುತ್ತದೆ. ನೀವು ಒಂದು ತುಂಬಿ, ಟೀಚರ್ ಕೈಲಿ ಇನ್ನೊಂದು ತುಂಬಿಸಿ. ಎರಡರ ನಡುವೆ ವ್ಯತ್ಯಾಸ ಇದ್ದರೆ ಅದೇ ಒಂದು ಮಾಹಿತಿ.

ಬೆಂಗಳೂರಿನಲ್ಲಿ ಎಲ್ಲಿಗೆ

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೇ ಪ್ರತ್ಯೇಕ ವಿಭಾಗ ಇದೆ. ಕಲಿಕಾ ತೊಂದರೆ ಅಳೆಯಲು ದೇಶದ ಎಷ್ಟೋ ಕಡೆ ಬಳಸುವ ಪರೀಕ್ಷೆಯ ಹೆಸರೇ ನಿಮ್ಹಾನ್ಸ್ ಇಂಡೆಕ್ಸ್. ಹಳೆಯ ಬೆಂಗಳೂರಿನವರ ಬಾಯಲ್ಲಿ ಆ ಜಾಗದ ಹೆಸರು ಬೈಗುಳವಾಗಿತ್ತು. ನಮ್ಮ ಮನೆಯಲ್ಲೂ "ಅಲ್ಲಿಗಾ?" ಅಂದರು. ಹೋಗಿ ನೋಡಿ, ಅಲ್ಲಿ ಸಾಲಿನಲ್ಲಿ ಕೂತಿರುವುದು ನಮ್ಮ ನಿಮ್ಮಂಥ ಅಪ್ಪ ಅಮ್ಮಂದಿರೇ. ಅದರ ಪಕ್ಕದಲ್ಲೇ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಗೂ ಹೋಗಬಹುದು. ಇಂದಿರಾನಗರದಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಕೆಲಸ ಮಾಡುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಪುಟ್ಟ ಮಕ್ಕಳ ಮಾತು ಮತ್ತು ಆಟಿಸಂಗೆ ಕಾಂ ಡೀಲ್ ಟ್ರಸ್ಟ್ ಇದೆ. ಮಾತು, ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಬೆಳಿಗ್ಗೆ ರೈಲು ಹತ್ತಿದರೆ ಸಂಜೆ ವಾಪಸ್ಸು ಬರಬಹುದು. ಮಗು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಯಾವಾಗ ಬರುತ್ತಾರೆ ಅಂತ ಟೀಚರನ್ನು ಕೇಳಿ, ಆ ದಿನ ನೋಟ್‌ಬುಕ್ ಹಿಡಿದು ಹೋಗಿ.

ಖಾಸಗಿ ಸೆಂಟರ್ ಆದರೆ ಸೈಕಾಲಜಿಸ್ಟ್‌ಗೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯಾ ಅಂತ ಕೇಳಿ, ಕೇಳಲು ನಾಚಿಕೆ ಬೇಡ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿ, ಅಲ್ಲೇ ವರ್ಷದ ಥೆರಪಿ ಪ್ಯಾಕೇಜ್ ಕಟ್ಟಿ ಅನ್ನುವ ಕಡೆಯಿಂದ ಎದ್ದು ಬನ್ನಿ. ಸರಿಯಾದ ಅಸೆಸ್‌ಮೆಂಟಿಗೆ ಎರಡು ಮೂರು ಸಲ ಕೂರಬೇಕಾಗುತ್ತದೆ. ಪರೀಕ್ಷೆ ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ನಡೆಯಬೇಕು, ಇದನ್ನು ಒತ್ತಿ ಹೇಳಿ. ಬುದ್ಧಿಮಟ್ಟ ಅಳೆಯಲು ಇವತ್ತಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದೇ ಹೊಂದಿಸಿದ್ದರು. ಹಾಗಿರುವಾಗ ಕನ್ನಡದ ಮಗುವನ್ನು ಇಂಗ್ಲಿಷಿನಲ್ಲಿ ಕೇಳಿ "ಬುದ್ಧಿ ಕಡಿಮೆ" ಅಂತ ಬರೆಯುವುದು ಅನ್ಯಾಯ. ಜ್ವರ ಇದ್ದ ದಿನ, ನಿದ್ದೆಗೆಟ್ಟ ದಿನ ಹೋಗಬೇಡಿ. ತಿಂಡಿ, ನೀರು, ಕನ್ನಡಕ, ಶಾಲೆಯ ನೋಟ್ಸ್, ಹಳೆಯ ರಿಪೋರ್ಟ್, ತಾಯಿ ಕಾರ್ಡ್ ಜೊತೆಗಿರಲಿ. ಮಗುವಿಗೆ "ನಿನಗೆ ಯಾವುದು ಸುಲಭ, ಯಾವುದು ಕಷ್ಟ ಅಂತ ನೋಡಿ ನಮಗೆ ಹೇಳಿಕೊಡುತ್ತಾರೆ" ಅಂತ ಹೇಳಿ. ಇಂಜೆಕ್ಷನ್ ಇಲ್ಲ ಅಂತಲೂ ಹೇಳಿ, ಅವರಿಗಿರುವ ಭಯ ಅದೇ.

ಶಾಲೆಯ ಜೊತೆ ಮಾತಾಡಲು ಪೇರೆಂಟ್ಸ್ ಮೀಟಿಂಗಿನ ಎರಡು ನಿಮಿಷ ಸಾಲದು, ಬೇರೆ ಸಮಯ ಕೇಳಿ. "ಹೇಗಿದ್ದಾನೆ?" ಅಂದರೆ "ಪರವಾಗಿಲ್ಲ" ಅನ್ನುತ್ತಾರೆ. ಗಟ್ಟಿಯಾಗಿ ಓದು ಅಂದಾಗ ಏನು ಮಾಡುತ್ತಾನೆ, ಊಟದ ಹೊತ್ತಿನಲ್ಲಿ ಯಾರ ಜೊತೆ ಕೂರುತ್ತಾನೆ, ಮೂರು ಕೆಲಸ ಒಟ್ಟಿಗೆ ಹೇಳಿದರೆ ನೆನಪಿರುತ್ತದಾ ಅಂತ ಕೇಳಿ. ಕಲಿಕಾ ತೊಂದರೆಯನ್ನು ಬೇಗ ಗುರುತಿಸಿ ಅದಕ್ಕೆ ತಕ್ಕ ಹಾಗೆ ಕಲಿಸುವುದು ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯ ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲೇ ಇದೆ. 1995ರ ಕಾಯಿದೆಯಲ್ಲಿ 7 ಅಂಗವೈಕಲ್ಯಗಳಿದ್ದವು, ಇದರಲ್ಲಿ 21 ಇವೆ, ಆಟಿಸಂ ಮತ್ತು ಕಲಿಕಾ ತೊಂದರೆ ಎರಡೂ ಸೇರಿವೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಸಿಗುವುದೂ ಈ ತೊಂದರೆ ಇದೆ ಅನ್ನುವ ಸರ್ಟಿಫಿಕೇಟ್ ಇದ್ದರೆ. ಹತ್ತನೇ ಕ್ಲಾಸಿನ ಜನವರಿಯಲ್ಲಿ ಅದಕ್ಕೆ ಓಡಾಡಬೇಡಿ, ಆಗ ಮಗು ಓದಬೇಕೋ ಆಸ್ಪತ್ರೆಯಲ್ಲಿ ಕೂರಬೇಕೋ?

ರಿಪೋರ್ಟ್ ಕೈಗೆ ಬಂದಾಗ ಪದಗಳು ಅರ್ಥವಾಗದಿದ್ದರೆ ಅಲ್ಲೇ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳಿ. ನಾಳೆಯಿಂದ ಮನೆಯಲ್ಲಿ ಏನು ಮಾಡಬೇಕು, ಶಾಲೆಗೆ ಏನು ಹೇಳಬೇಕು, ಮತ್ತೆ ಯಾವಾಗ ತೋರಿಸಬೇಕು ಅಂತ ಕೇಳದೆ ಏಳಬೇಡಿ. ಥೆರಪಿಗೆ ಜಾಗ ಸಿಗಲು ಕಾಯಬೇಕಾಗಬಹುದು, ಆ ತನಕ ದಿನಾ ಇಪ್ಪತ್ತು ನಿಮಿಷ ಮನೆಯಲ್ಲಿ ಮಾಡಿಸಲು ಏನಾದರೂ ಬರೆಸಿಕೊಳ್ಳಿ. ಏನೂ ತೊಂದರೆ ಇಲ್ಲ ಅಂತ ಹೇಳಿದರೂ ಮೂರು ತಿಂಗಳ ನಂತರದ ಒಂದು ತಾರೀಕನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ದಿನ ಅದೇ ಹತ್ತು ಪದ ಮತ್ತೆ ಬರೆಸಿ, ಹಳೆಯ ಹಾಳೆಯ ಪಕ್ಕದಲ್ಲಿ ಅಂಟಿಸಿ ನೋಡಿ.